‘ಇಂಬಳವೀರ’ ಕಾರ್ಟೂನು: ಮೃಗಶಿರದಿಂದ ಆಶ್ಲೇಷದವರೆಗಿನ ಕೆಲಸದ ದಾಖಲೆ

ಮೃಗಶಿರ ಮಳೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ವಾರದ ಐದು ದಿನ ಶಿವಮೊಗ್ಗದಲ್ಲಿ ಲೆಕ್ಕಪತ್ರ ಬರೆಯುವ ನಾನು ಶನಿವಾರ, ಭಾನುವಾರ ಊರಿಗೆ ಬಂದು, ಅಟ್ಟದ ಮೇಲಿನ ಹಳೆಯ ಮೇಜಿನ ಮುಂದೆ ಕುಳಿತು, ಏಳು ನಿಮಿಷದ ಒಂದು ಹಾಸ್ಯ ಕಾರ್ಟೂನು ಬಿಡಿಸುತ್ತಿದ್ದೇನೆ. ಹೆಸರು ‘ಇಂಬಳವೀರ’. ಬೆಂಗಳೂರಿನಿಂದ ರಜೆಗೆ ಬಂದ ಹುಡುಗನೊಬ್ಬನಿಗೆ ಅಡಿಕೆ ತೋಟದಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಕಚ್ಚುತ್ತದೆ. ಜೇಡ ಕಚ್ಚಿದವನಿಗೆ ಶಕ್ತಿ ಬಂದದ್ದನ್ನು ಸಿನಿಮಾದಲ್ಲಿ ನೋಡಿರುವ ಅವನು ತನಗೂ ಏನಾದರೂ ಬಂದೇ ಬರುತ್ತದೆಂದು ಮೂರು ದಿನ ಜಗಲಿಯಲ್ಲಿ ಕಾಯುತ್ತಾನೆ. ಅಜ್ಜಿ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ ಕಾಫಿ ಕೊಡುತ್ತಾಳೆ.

ಸ್ಪೈಡರ್‌ಮ್ಯಾನ್ 1962ರಲ್ಲಿ ಮೊದಲು ಅಚ್ಚಾದಾಗ ಜೇಡ ಕಚ್ಚಿದ್ದು ನ್ಯೂಯಾರ್ಕಿನ ಒಬ್ಬನೇ ಒಬ್ಬ ಹುಡುಗನಿಗೆ. ಆ ಕಥೆಯ ಬಲವಿರುವುದೇ ಆ ಒಬ್ಬನೆಂಬುದರಲ್ಲಿ. ನಮ್ಮಲ್ಲಿ ಮಳೆಗಾಲದಲ್ಲಿ ಇಂಬಳ ಕಚ್ಚದವರು ಯಾರಿದ್ದಾರೆ? ಕಚ್ಚಿಸಿಕೊಂಡವರಿಗೆಲ್ಲ ಶಕ್ತಿ ಬರುವುದಾಗಿದ್ದರೆ ನಮ್ಮಜ್ಜಿ ಇಷ್ಟು ಹೊತ್ತಿಗೆ ಕುಂದಾದ್ರಿ ಬೆಟ್ಟವನ್ನು ಎತ್ತಿ ತಂದು ಅಂಗಳದಲ್ಲಿ ಇಟ್ಟುಕೊಳ್ಳಬೇಕಿತ್ತು. ಈ ಒಂದು ಲೆಕ್ಕದಿಂದಲೇ ಕಥೆ ಹುಟ್ಟಿದ್ದು.

ಮೊದಲ ಕರಡಿನಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆದಿಡುತ್ತೇನೆ. ಏಳು ನಿಮಿಷಕ್ಕೆ 41 ಉಲ್ಲೇಖಗಳನ್ನು ತುಂಬಿದ್ದೆ, ಅಂದರೆ ಹತ್ತು ಸೆಕೆಂಡಿಗೊಂದು: ಕಾಮಿಕ್ಸ್, ಸಿನಿಮಾ, ಜಾಹೀರಾತು, ಕ್ರಿಕೆಟ್ಟು, ಏನು ಬೇಕಾದರೂ. ಅಕ್ಕನ ಮಗ ಹೈಸ್ಕೂಲಿನವನು. ಕರಡನ್ನು ಓದುವಾಗ ಪ್ರತಿಯೊಂದನ್ನೂ ಗುರುತಿಸಿ ಬೆರಳು ಮಡಚಿದ, ಆದರೆ ನಗಲಿಲ್ಲ. ಅವನಿಗೆ ಅದು ಹಾಸ್ಯವಾಗಿರಲಿಲ್ಲ, ಪರೀಕ್ಷೆಯಾಗಿತ್ತು. ಅಜ್ಜಿಗೆ ಒಂದೂ ಗೊತ್ತಾಗಲಿಲ್ಲ. ಅವರು ನಕ್ಕದ್ದು ನಾನು ಲೆಕ್ಕಕ್ಕೇ ಹಿಡಿಯದಿದ್ದ ಒಂದು ಕಡೆ: ನಾಯಕ ಮಾಡಿನಿಂದ ಧುಮುಕಿ, ಒಂದು ಮಂಡಿ ಊರಿ, ಮುಷ್ಟಿಯನ್ನು ನೆಲಕ್ಕೆ ಗುದ್ದಿ ಗಂಭೀರವಾಗಿ ಇಳಿಯುವ ಆ ಸುಪ್ರಸಿದ್ಧ ಭಂಗಿಯಲ್ಲಿ, ಪಾಚಿ ಕಟ್ಟಿದ ಅಂಗಳದ ಕಲ್ಲಿನ ಮೇಲೆ ಕಾಲಿಟ್ಟು, ಅದೇ ಭಂಗಿಯಲ್ಲೇ ಜಾರುತ್ತಾ ಹೋಗಿ ಕೊಟ್ಟಿಗೆ ಸೇರುತ್ತಾನೆ. “ದಬ್ಬೆ ಹಾಸಿದ್ದು ಎಂತಕ್ಕೆ ಮತ್ತೆ? ಅದರ ಮೇಲೆ ನಡೀಬೇಕು ಅಂತ ಗೊತ್ತಿಲ್ವನಾ ಅವನಿಗೆ?” ಎಂದರು. ದಬ್ಬೆಯೆಂದರೆ ಜಾರದಿರಲೆಂದು ಮಳೆಗಾಲದಲ್ಲಿ ಅಂಗಳಕ್ಕೆ ಹಾಸುವ ಅಡಿಕೆ ಮರದ ಸೀಳು. ಆ ಭಂಗಿಯ ಪೂರ್ವಾಪರ ಬಲ್ಲ ಅಕ್ಕನ ಮಗನೂ ಅಲ್ಲಿಯೇ ನಕ್ಕ. ಇಬ್ಬರೂ ನಕ್ಕ ಜಾಗಗಳನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಹೊಡೆದುಹಾಕಿದೆ. 41ರಲ್ಲಿ 9 ಉಳಿದವು.

ಆರಿದ್ರಾ ಮಳೆ

ಚಿತ್ರ ಬಿಡಿಸುವ ಕೆಲಸ ಆರಂಭವಾಗಿದೆ. ಓಪನ್‌ಟೂನ್ಝ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಜಪಾನಿನ ಸ್ಟುಡಿಯೋ ಗಿಬ್ಲಿ ಬಳಸುತ್ತಿದ್ದ ಟೂನ್ಝ್ ತಂತ್ರಾಂಶವೇ 2016ರಲ್ಲಿ ಮುಕ್ತವಾಗಿ ಈ ರೂಪದಲ್ಲಿ ಎಲ್ಲರಿಗೂ ಸಿಕ್ಕಿತು. ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಒಂದು ಚಿತ್ರವನ್ನು ಎರಡು ಚೌಕಟ್ಟಿನ ಕಾಲ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ, ಏಳು ನಿಮಿಷಕ್ಕೆ 5,040. ವಾರಕ್ಕೆರಡು ದಿನ ಕೂರುವವನಿಂದ ಇದು ಆಗುವ ಮಾತಲ್ಲ. ಆದ್ದರಿಂದ ಮಾತಿನ ದೃಶ್ಯಗಳಲ್ಲಿ ಬಾಯಿ ಮತ್ತು ಒಂದು ಕೈ ಮಾತ್ರ ಅಲ್ಲಾಡುತ್ತವೆ. ಅಜ್ಜಿಯ ಪಾತ್ರ ಬಹುಮಟ್ಟಿಗೆ ಎಲೆಯಡಿಕೆ ತಟ್ಟೆಯ ಮುಂದೆ ಕೂತೇ ಇರುವುದಕ್ಕೂ ಇದೇ ಕಾರಣ.

ಆದರೆ ಇಂಬಳದ ನಡಿಗೆಯಲ್ಲಿ ಜಿಪುಣತನ ಮಾಡಬಾರದೆಂದು ನಿರ್ಧರಿಸಿದ್ದೆ. ಮೊದಲು ಬಿಡಿಸಿದ ಎಂಟು ಚಿತ್ರಗಳ ಸುತ್ತು ಎರೆಹುಳುವಿನಂತೆ ಕಾಣುತ್ತಿತ್ತು. ಕೊನೆಗೆ ತೋಟದಿಂದ ಕಾಲಿಗೆ ಹತ್ತಿಕೊಂಡು ಬಂದ ಒಂದನ್ನು ಸ್ಟೀಲು ತಟ್ಟೆಯ ಮೇಲೆ ಬಿಟ್ಟು ಫೋನಿನಲ್ಲಿ ಚಿತ್ರೀಕರಿಸಿ, ನಿಧಾನಗೊಳಿಸಿ ನೋಡಿದೆ. ಇಂಬಳಕ್ಕೆ ಎರಡು ತುದಿಯಲ್ಲೂ ಹೀರುಬಟ್ಟಲುಗಳಿವೆ. ಹಿಂದಿನದನ್ನು ನೆಲಕ್ಕೆ ಕಚ್ಚಿ ಹಿಡಿದು, ಮೈಯನ್ನು ದಾರದಷ್ಟು ತೆಳ್ಳಗೆ ಚಾಚಿ, ಮುಂದಿನದನ್ನು ಊರಿ, ಆಮೇಲೆ ಹಿಂದಿನದನ್ನು ಬಿಡಿಸಿ ಮುಂದಿನದರ ಪಕ್ಕಕ್ಕೇ ತಂದಿಡುತ್ತದೆ. ಆಗ ಮೈ ಕಮಾನಾಗುತ್ತದೆ. ನಾನು ಬಿಟ್ಟಿದ್ದದ್ದು ಆ ಕಮಾನನ್ನು. ಮತ್ತೂ ಒಂದು ವಿಷಯ ಸಿಕ್ಕಿತು. ತಟ್ಟೆಯ ಹತ್ತಿರ ಬಗ್ಗಿ ಉಸಿರು ಬಿಟ್ಟ ಕೂಡಲೇ ಅದು ಬಾಲದ ಮೇಲೆ ನೆಟ್ಟಗೆ ನಿಂತು, ತಲೆಯನ್ನು ಅತ್ತಿತ್ತ ತೂಗುತ್ತಾ ಬಿಸಿ ಎಲ್ಲಿಂದ ಬಂತೆಂದು ಹುಡುಕುತ್ತಿತ್ತು. ಅದನ್ನೇ ನಮ್ಮ ನಾಯಕನ ಭಂಗಿಯಾಗಿ ಎತ್ತಿಕೊಂಡೆ: ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಬದಲು ಇವನು ಹಿಮ್ಮಡಿಯ ಮೇಲೆ ನಿಂತು ತೂಗಾಡುತ್ತಾ, ಅಡಿಗೆಮನೆಯಲ್ಲಿ ಏನು ಕರಿಯುತ್ತಿದ್ದಾರೆಂದು ಮೂಗಿನಲ್ಲೇ ಕಂಡುಹಿಡಿಯುತ್ತಾನೆ. ಅವನಿಗೆ ಇರುವ ಶಕ್ತಿ ಅದೊಂದೇ.

ಪುನರ್ವಸು ಮಳೆ

ವೇಷದ ಪ್ರಶ್ನೆಯಲ್ಲೇ ಎರಡು ವಾರ ಹೋಯಿತು, ಹೋದದ್ದಕ್ಕೆ ಬೇಸರವಿಲ್ಲ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗಿನಿಂದ ಇಂಥ ನಾಯಕನೆಂದರೆ ಮೈಗಂಟಿದ ಉಡುಪು, ಅದರ ಮೇಲೊಂದು ಚಡ್ಡಿ, ಬೆನ್ನಿಗೆ ಇಳಿಬಿದ್ದ ಬಟ್ಟೆ. ಚಡ್ಡಿಯನ್ನು ಮೇಲೆ ಹಾಕಿಕೊಳ್ಳುವ ಪದ್ಧತಿ ಆ ಕಾಲದ ಸರ್ಕಸ್ಸಿನ ಜಟ್ಟಿಗಳಿಂದ ಬಂದದ್ದು. ಪ್ರಕಾಶಕರೇ 2011ರಲ್ಲಿ ಸೂಪರ್‌ಮ್ಯಾನಿನ ಕೆಂಪು ಚಡ್ಡಿಯನ್ನು ತೆಗೆಸಿ 2018ರಲ್ಲಿ ಮತ್ತೆ ತೊಡಿಸಿದರೆಂಬ ಸಂಗತಿಯನ್ನು ಅಜ್ಜಿಗೆ ಹೇಳಿದಾಗ ಅವರು, “ಏಳು ವರ್ಷ ಒಗೆಯಕ್ಕೆ ಹಾಕಿದ್ರಾ?” ಎಂದರು. ಈ ಮಾತು ಹಾಗೆಯೇ ಸಂಭಾಷಣೆಯೊಳಕ್ಕೆ ಹೋಗಿದೆ.

ಬಣ್ಣಕ್ಕೆ ನೀಲಿಯೇ ಬೇಕಿತ್ತು, ಆದರೆ ಅದಕ್ಕೊಂದು ಊರಿನ ಕಾರಣ ಸಿಕ್ಕಿರಲಿಲ್ಲ. ತೋಟಕ್ಕೆ ಎರಡನೆಯ ಔಷಧಿ ಹೊಡೆಯುವ ದಿನ ಅದು ತಾನಾಗಿ ನಡೆದು ಬಂತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದನ್ನು ಮರದ ತುದಿಯಲ್ಲಿ ಹೊಡೆದು ಕೆಳಗಿಳಿಯುವ ಕೊನೆಗಾರ (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಆಳು) ತಲೆಯ ಹಾಳೆಟೋಪಿಯಿಂದ ಕಾಲಿನವರೆಗೆ ನೀಲಿಯಾಗಿರುತ್ತಾನೆ. ಒಂದು ಮರದ ತುದಿಯಲ್ಲಿ ಕೂತು, ಮರವನ್ನೇ ತೂಗಿಸಿ, ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾ, ನೆಲ ಮುಟ್ಟದೆ ಒಂದು ಸಾಲನ್ನು ಮುಗಿಸುವವನು ನೀಲಿ ಬಣ್ಣದಲ್ಲಿ ನಮ್ಮ ಅಂಗಳದಲ್ಲಿ ನಿಂತು ಮಜ್ಜಿಗೆ ಕೇಳುತ್ತಿದ್ದಾನೆ, ನಾನು ಅಟ್ಟದ ಮೇಲೆ ವೇಷ ಹುಡುಕುತ್ತಿದ್ದೇನೆ!

ಇಡೀ ಕಥೆಯ ತೂಕ ಅಂದು ಬದಲಾಯಿತು. ಅಲ್ಲಿಯವರೆಗೆ ನಾನು ನಾಯಕನನ್ನು ಪೆದ್ದನನ್ನಾಗಿ ಮಾಡಿ ನಗಿಸಲು ಹೊರಟಿದ್ದೆ, ಅದು ಸುಲಭದ ದಾರಿ. ಈಗ ಅವನು ಪೆದ್ದನಲ್ಲ, ಸಾಕಷ್ಟು ಚುರುಕಾಗಿಯೇ ಇದ್ದಾನೆ. ಅವನು ಮಾಡಬಲ್ಲದ್ದನ್ನೆಲ್ಲ ದಿನಗೂಲಿಗೆ ಮಾಡುವವರು ಪಕ್ಕದಲ್ಲಿದ್ದಾರೆ ಎಂಬುದಷ್ಟೇ ಅವನ ತೊಂದರೆ. ಅವನು ತುಂಬ ಕಷ್ಟಪಟ್ಟು ಒಂದು ಮರದಿಂದ ಇನ್ನೊಂದಕ್ಕೆ ದಾಟಿದಾಗ ಪಕ್ಕದ ಸಾಲಿನ ಕೊನೆಗಾರ ಬೀಡಿ ಹಚ್ಚುತ್ತಾ, “ಹೊಸಬನಾ?” ಎಂದು ಕೇಳುತ್ತಾನೆ.

ಬೆನ್ನಿನ ಬಟ್ಟೆಯ ಜಾಗಕ್ಕೆ, ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ ಬಂದಿದೆ. ‘ದಿ ಇನ್‌ಕ್ರೆಡಿಬಲ್ಸ್’ ಸಿನಿಮಾ 2004ರಲ್ಲಿಯೇ ಆ ಬಟ್ಟೆಯಿಂದಾಗುವ ಅಪಘಾತಗಳ ಪಟ್ಟಿಯನ್ನು ಒಬ್ಬ ದರ್ಜಿಯ ಬಾಯಲ್ಲಿ ಹೇಳಿಸಿ ನಗಿಸಿಬಿಟ್ಟಿರುವುದರಿಂದ ಅದೇ ನಗೆಯನ್ನು ಮತ್ತೊಮ್ಮೆ ಬೇಯಿಸುವುದು ನನಗೆ ಬೇಡವಾಗಿತ್ತು. ನೆನೆದ ಕಂಬಳಿಯ ಭಾರ ಹೊತ್ತು ಹಾರಲು ಆಗುವುದಿಲ್ಲವೆಂಬುದು ಬೇರೆಯದೇ ನಗೆ, ಮತ್ತು ಗಾಳಿಗೆ ಪಟಪಟನೆ ಹಾರಾಡುವ ಬಟ್ಟೆಯನ್ನು ಪ್ರತಿ ಚಿತ್ರದಲ್ಲೂ ಬಿಡಿಸುವ ಶಿಕ್ಷೆಯಿಂದ ನನಗೂ ಬಿಡುಗಡೆ. 1997ರಿಂದ ದೂರದರ್ಶನದಲ್ಲಿ ‘ಶಕ್ತಿಮಾನ್’ ನೋಡಿ ಬೆಳೆದವರಿಗಾಗಿ ನಾಯಕ ಗಿರ್ರನೆ ತಿರುಗಿ ವೇಷ ಬದಲಿಸುತ್ತಾನೆ. ಕೊಪ್ಪೆಯ ನೀರೆಲ್ಲ ಹಾರಿ ಜಗಲಿಯಲ್ಲಿ ಪೇಪರು ಓದುತ್ತಿದ್ದ ದೊಡ್ಡಪ್ಪನ ಮೇಲೆ ಬೀಳುತ್ತದೆ. ‘ಶಕ್ತಿಮಾನ್’ ನೋಡದವರಿಗೆ ನೆನೆದ ದೊಡ್ಡಪ್ಪ ಸಾಕು.

ಎದೆಯ ಮೇಲಿನ ಚಿಹ್ನೆಯ ಬಗ್ಗೆ ಒಂದು ಮಾತು. ಅಣಕಕ್ಕೆಂದು ಯಾರದೋ ಲಾಂಛನವನ್ನು ಹಾಗೆಯೇ ಎತ್ತಿ ಹಾಕುವುದು ನನಗೆ ಸರಿಕಾಣಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆಯಾದರೂ ಅಣಕವೆಂಬ ಹೆಸರನ್ನು ಹಿಡಿದು ಹೇಳಿಲ್ಲ. ‘ದಿ ಸಿಂಪ್ಸನ್ಸ್’ ಸರಣಿಯೊಳಗಿನ ಕಾಮಿಕ್ಸ್ ನಾಯಕ ‘ರೇಡಿಯೋಆ್ಯಕ್ಟಿವ್ ಮ್ಯಾನ್’ ನನಗೆ ಮಾದರಿ. ಅವನನ್ನು ನೋಡಿದರೆ ಹತ್ತು ನಾಯಕರು ನೆನಪಾಗುತ್ತಾರೆ, ಅವನು ಅವರಲ್ಲಿ ಯಾರೂ ಅಲ್ಲ. ಅವನ ಹೆಸರಿನದೇ 1995ರ ಕಂತಿನಲ್ಲಿ 1960ರ ದಶಕದ ಟೀವಿ ನಾಯಕರ ಠೀವಿಯನ್ನು ಅಣಕಿಸಿರುವ ತುಣುಕು ಕೆಲವೇ ಸೆಕೆಂಡುಗಳದ್ದು. ಅಷ್ಟರಲ್ಲೇ ಕೆಲಸ ಮುಗಿಸಿ ಮುಂದೆ ಹೋಗುತ್ತದೆ. ಆ ಬಿಗಿ ನನಗಿನ್ನೂ ಬಂದಿಲ್ಲ. ಇಂಬಳವೀರನ ಎದೆಯ ಮೇಲೆ ಸದ್ಯಕ್ಕೆ ಇರುವುದು ಒಂದು ಸುಣ್ಣದ ಬೊಟ್ಟು.

ಪುಷ್ಯ ಮಳೆ

ಚಿತ್ರ ಕಡಿಮೆ, ಧ್ವನಿ ಹೆಚ್ಚು. ಹಂಚಿನ ಮಾಡಿನ ಮೇಲೆ ಪುಷ್ಯ ಸುರಿಯುವಾಗ ಮನೆಯೊಳಗೆ ಧ್ವನಿಮುದ್ರಣ ಮಾಡಲು ಹೊರಟದ್ದು ನನ್ನ ತಪ್ಪು. ಅಕ್ಕನ ಮಗ ಎರಡು ಕಂಬಳಿ ಹೊದ್ದು, ಅಕ್ಕಿ ಕೋಣೆಯಲ್ಲಿ ಕೂತು, ಫೋನು ಹಿಡಿದು ನಾಯಕನ ಮಾತುಗಳನ್ನು ಹೇಳಿದ. ಬೆವರಿ ಹೊರಬಂದನೇ ಹೊರತು ಮುದ್ರಣ ಚೆನ್ನಾಗಿಯೇ ಬಂದಿದೆ. ಅಜ್ಜಿ ಮಾತ್ರ ಬರೆದದ್ದನ್ನು ಹೇಳಲು ಒಪ್ಪಲಿಲ್ಲ, ತಮಗೆ ತೋಚಿದ್ದನ್ನೇ ಹೇಳಿದರು; ತುಟಿಯ ಚಲನೆಯನ್ನು ಮತ್ತೆ ಬಿಡಿಸುತ್ತಿದ್ದೇನೆ.

1966ರ ‘ಬ್ಯಾಟ್‌ಮ್ಯಾನ್’ ಟೀವಿ ಸರಣಿಯಲ್ಲಿ ಹೊಡೆದಾಟದ ನಡುವೆ ಸದ್ದುಗಳು ದಪ್ಪ ಅಕ್ಷರಗಳಲ್ಲಿ ಪರದೆಯ ತುಂಬ ಮೂಡುತ್ತಿದ್ದವು. ಅದರ ಅಣಕ ಎಷ್ಟು ಕಡೆ ಬಂದಿದೆಯೆಂದರೆ ಈಗ ಅದು ಸವಕಲು ನಾಣ್ಯ. ಬಿಡೋಣವೆಂದುಕೊಂಡಿದ್ದೆ, ಕನ್ನಡದ ಅನುಕರಣ ಶಬ್ದಗಳನ್ನು ಬರೆದು ನೋಡಿದಾಗ ಬಿಡಲಾಗಲಿಲ್ಲ. ನಮ್ಮಲ್ಲಿ ಬರಿಯ ಪೆಟ್ಟಿಗಲ್ಲ, ಬೀಳುವ ವಸ್ತುವಿಗೆ ತಕ್ಕ ಸದ್ದಿದೆ: ಹಸಿ ಸೋಗೆ ಬಿದ್ದರೆ ‘ಧೊಪ್’, ಒಣಗಿದ್ದಾದರೆ ‘ಪರಪರ’, ಕೆಸರಿಗೆ ಬಿದ್ದವನಿಗೆ ‘ಪಚಕ್’. ಒಂದು ಇಡೀ ಹೊಡೆದಾಟವನ್ನು ಮಂಜಿನ ಒಳಗೆ ಇಟ್ಟು, ಜನರನ್ನು ತೋರಿಸದೆ ಈ ಅಕ್ಷರಗಳನ್ನು ಮಾತ್ರ ತೋರಿಸಿದ್ದೇನೆ. ಹತ್ತೊಂಬತ್ತು ಸೆಕೆಂಡಿಗೆ ಹನ್ನೊಂದೇ ಚಿತ್ರ. ಅಕ್ಷರಗಳನ್ನು ಕೈಯಲ್ಲೇ ಬರೆದೆ, ಯಾಕೆಂದರೆ ಸಿಕ್ಕ ಫಾಂಟುಗಳಲ್ಲಿ ‘ಛಟೀರ್’ ಎಂಬುದು ಮದುವೆ ಕಾಗದದ ಹಾಗೆ ಕಾಣುತ್ತಿತ್ತು.

ಖಳನಾಯಕ ಕೊಳೆಯಾಸುರನಿಗೆ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ವೇಷದ, ರೂಪ ಕೊಟ್ಟಿದ್ದೇನೆ, ಅವನ ಪ್ರವೇಶಕ್ಕೆ ಚಂಡೆ. ಯಕ್ಷಗಾನದಲ್ಲಿ ಈ ಅಣಕಕ್ಕೆ ಮೊದಲಿಂದಲೂ ಜಾಗವಿದೆ. ರಾಜ ಅಬ್ಬರದ ಒಡ್ಡೋಲಗ (ಪ್ರವೇಶದ ಕುಣಿತ) ಮುಗಿಸಿ ನಿಂತ ಮೇಲೆ ಹಾಸ್ಯಗಾರ ದೂತನಾಗಿ ಬಂದು, ಅದೇ ರಾಜನ ಹೆಜ್ಜೆಯನ್ನು ಸ್ವಲ್ಪ ಸೊಟ್ಟಗೆ ಹಾಕಿ ತೋರಿಸಿದರೂ ರಾಜನ ಘನತೆಗೆ ಕುಂದಾಗುವುದಿಲ್ಲ, ಆಟ ಮುಂದುವರಿಯುತ್ತದೆ. ನನ್ನ ಕೊನೆಯ ದೃಶ್ಯದ ಗಂಟು ಬಿಚ್ಚಿದ್ದೂ ಈ ವೇಷದಿಂದಲೇ. ಬಣ್ಣದ ವೇಷದ ಮುಖಕ್ಕೆ ಇಡುವ ಬಿಳಿಯ ಉಬ್ಬುಚುಕ್ಕೆಗಳಾದ ಚಿಟ್ಟಿಯನ್ನು ಅಕ್ಕಿಹಿಟ್ಟು, ಸುಣ್ಣ ಕಲಸಿ ಮಾಡುತ್ತಾರೆ. ಇಂಬಳಕ್ಕೆ ಅಜ್ಜಿ ಹಚ್ಚಿದ್ದು ಸುಣ್ಣ, ಕೊಳೆರೋಗದ ಔಷಧಿಯ ಅರ್ಧವೂ ಸುಣ್ಣ. ಕೊಳೆಯಾಸುರ ತನ್ನ ಮುಖದ ಮೇಲೇ ತನ್ನ ಮದ್ದನ್ನು ಹಚ್ಚಿಕೊಂಡು ಬಂದಿದ್ದಾನೆಂಬುದನ್ನು ಅಜ್ಜಿ ಒಬ್ಬಳೇ ಗಮನಿಸುತ್ತಾಳೆ.

ಆಶ್ಲೇಷ ಮಳೆ

ನಮ್ಮ ತೋಟದ ಕೊನೆಗಾರರಿಗೆ ಮರ ದಾಟುವ ದೃಶ್ಯವನ್ನು ಫೋನಿನಲ್ಲಿ ತೋರಿಸಿದೆ. ‘ಹೊಸಬನಾ’ ಎಂಬಲ್ಲಿ ಅವರು ನಗುತ್ತಾರೆಂದು ಕಾದಿದ್ದೆ. ಅವರು ನಗಲಿಲ್ಲ, ಮತ್ತೊಮ್ಮೆ ಹಾಕಲು ಹೇಳಿ, ಬೆರಳಿಟ್ಟು ತೋರಿಸಿದರು. “ಭಟ್ರೆ, ಇವನ ಕಾಲಿನ ತಳೆ ಹಿಮ್ಮಡಿಯಲ್ಲಿ ಉಂಟಲ್ಲ, ಹಿಂಗಾದರೆ ಮೂರನೇ ಹೆಜ್ಜೆಗೇ ಕೆಳಗೆ. ತಳೆ ಪಾದದ ನಡುವಿಗೆ ಬರಬೇಕು. ದಾಟುವಾಗ ಇವನು ಮೊದಲು ಕಾಲು ಕೊಡ್ತಾನೆ, ಮೊದಲು ಕೈ ಕೊಡಬೇಕು.” ತಳೆಯೆಂದರೆ ಮರ ಹತ್ತುವಾಗ ಪಾದಗಳಿಗೆ ಸಿಕ್ಕಿಸಿಕೊಳ್ಳುವ ಹಗ್ಗದ ಬಳೆ. ನಾನು ಕಾಲು ಮೊದಲು ಕೊಟ್ಟದ್ದು ಯಾವುದೋ ಸಿನಿಮಾದ ಜಿಗಿತವನ್ನು ಮನಸ್ಸಿನಲ್ಲಿಟ್ಟುಕೊಂಡು. ನಾಯಕ ತಪ್ಪು ಮಾಡಿದರೆ ನಗೆ, ಕೊನೆಗಾರನ ಪಾತ್ರವೂ ಅದೇ ತಪ್ಪು ಮಾಡಿದರೆ ಕಥೆಯೇ ಸುಳ್ಳು. ಎಂಟು ಸೆಕೆಂಡಿನ ದೃಶ್ಯ, 96 ಚಿತ್ರ, ಎಲ್ಲವನ್ನೂ ತೆಗೆದೆ.

ಈ ಶನಿವಾರ, ಭಾನುವಾರ ಸೇರಿ 37 ಚಿತ್ರಗಳಾಗಿವೆ, ಕೈ ಮೊದಲು. ಕರೆಂಟು ನಾಲ್ಕು ಸಲ ಹೋಯಿತು. ಮಘೆ ಮಳೆಯ ಹೊತ್ತಿಗೆ ಈ ದೃಶ್ಯ ಮುಗಿದರೆ ಅವರಿಗೇ ಮೊದಲು ತೋರಿಸುವುದೆಂದು ಮಾತಾಗಿದೆ. ಚಂಡೆಯ ಧ್ವನಿಮುದ್ರಣ ಅದರ ನಂತರ.