ಆಲಿಸ್‌ಳನ್ನು ಈಗ ಯಾರೂ ಎಬ್ಬಿಸುವುದಿಲ್ಲ

ನಿನ್ನೆ ರಾತ್ರಿ ನಿದ್ದೆ ಬಾರದೆ, ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ‘ದಿ ಕ್ರೈ ಆಫ್ ದಿ ಚಿಲ್ಡ್ರನ್’ ಕವಿತೆಯನ್ನು ಮತ್ತೆ ಓದಿದೆ. ಇಂಗ್ಲೆಂಡಿನ ಗಣಿ ಮತ್ತು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಕುರಿತ ಸರ್ಕಾರಿ ಆಯೋಗದ ವರದಿಯನ್ನು ಓದಿ, ಕಾಯಿಲೆಯಿಂದ ಲಂಡನ್ನಿನ ಮನೆಯಲ್ಲಿಯೇ ಉಳಿದಿದ್ದ ಆಕೆ ಇದನ್ನು ಬರೆದರು. 1843ರ ಆಗಸ್ಟ್‌ನಲ್ಲಿ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆ ಪ್ರಕಟಿಸಿತು. ವರದಿಗೆ ದುಡಿದವರಲ್ಲಿ ಆಕೆಯ ಸ್ನೇಹಿತ ಆರ್. ಎಚ್. ಹಾರ್ನ್ ಕೂಡ ಒಬ್ಬರು.

ಕವಿತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸತ್ತುಹೋದ ಪುಟ್ಟ ಆಲಿಸ್. ಜೊತೆಯ ಮಕ್ಕಳು ಅವಳನ್ನು ಹೂಳಲು ತೋಡಿದ ಗುಂಡಿಯೊಳಗೆ ಇಣುಕಿ, ಆ ಇಕ್ಕಟ್ಟಿನ ಮಣ್ಣಿನಲ್ಲಿ ಕೆಲಸ ಮಾಡುವಷ್ಟು ಜಾಗವಿಲ್ಲವೆಂಬುದನ್ನು ಕಂಡುಕೊಳ್ಳುತ್ತಾರೆ. ಬೆಳಗಾಯಿತು ಏಳು ಎಂದು ಇನ್ನು ಅವಳನ್ನು ಯಾರೂ ಎಬ್ಬಿಸುವುದಿಲ್ಲವೆಂದು ಅವಳ ಅದೃಷ್ಟಕ್ಕೆ ಒಳಗೊಳಗೇ ಕರುಬುತ್ತಾರೆ. ದಿನವಿಡೀ ತಿರುಗುವ ಚಕ್ರಗಳ ಸದ್ದಿನಲ್ಲಿ ಆ ಮಕ್ಕಳ ತಲೆ, ಗೋಡೆ, ಆಕಾಶ ಎಲ್ಲವೂ ತಿರುಗುತ್ತವೆ. ಪ್ರಾರ್ಥನೆಯೆಂದು ಅವರಿಗೆ ಗೊತ್ತಿರುವುದು ‘ನಮ್ಮ ತಂದೆಯೇ’ ಎಂಬ ಮಾತಷ್ಟೇ. ಅಲ್ಲಲ್ಲಿ ಭಾವುಕತೆ ಅತಿಯಾಯಿತು ಎನ್ನಿಸುತ್ತದೆ, ನಿಜ. ಆದರೆ ಗುಂಡಿಯನ್ನು ಕೆಲಸದ ಅಳತೆಗೋಲಿನಿಂದ ನೋಡುವ ಆ ಮಗುವಿನ ಕಣ್ಣು ಭಾವುಕವಲ್ಲ.

ಕವಯಿತ್ರಿಯ ಮನೆತನದ ಸಂಪತ್ತು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು. ಅದನ್ನು ಬಲ್ಲ ಆಕೆಯೇ ಮುಂದೆ, ಯಜಮಾನನ ಮುಖಚಹರೆಯನ್ನು ತನ್ನ ಕೂಸಿನಲ್ಲಿ ಕಂಡು ಅದನ್ನು ಕೊಂದ ಗುಲಾಮ ಹೆಣ್ಣೊಬ್ಬಳ ಬಾಯಿಂದ ಒಂದು ನೀಳ ಕವಿತೆಯನ್ನು ನುಡಿಸಿದರು. ಅದನ್ನು ಇಂದು ರಾತ್ರಿಗೆಂದು ತೆಗೆದಿಟ್ಟಿದ್ದೇನೆ.