ಎಲ್ಲರಿಗಿಂತ ಮೊದಲು ಬಂದ ಬ್ಯಾಗ್

ನಾನು ಬೆಂಗಳೂರು ಏರ್‌ಪೋರ್ಟಿನಲ್ಲಿ ರ‍್ಯಾಂಪ್ ಸೂಪರ್‌ವೈಸರ್. ವಿಮಾನ ಬಂದು ನಿಂತು ಚಕ್ರ ಉರುಳದ ಹಾಗೆ ಅಡ್ಡ ಇಡುವ ಚಾಕ್ ಬಿದ್ದ ಹೊತ್ತಿನಿಂದ ಅದು ಮತ್ತೆ ಹಿಂದಕ್ಕೆ ಸರಿದು ಹೊರಡುವ ತನಕ ಕೆಳಗಡೆ ಆಗುವುದೆಲ್ಲ ನನ್ನ ತಲೆಗೆ. ಬ್ಯಾಗು, ಕಾರ್ಗೋ, ನೀರಿನ ಗಾಡಿ, ಟಾಯ್ಲೆಟ್ ಗಾಡಿ, ಯಾರಾದರೂ ಕೋನ್ ಇಡುವುದನ್ನು ಮರೆತರೆ ಅದೂ. ಆರು ವರ್ಷ ಬರೀ ಏರ್‌ಬಸ್ ಕಂಪನಿಯ ಎ320 ನೋಡಿಕೊಂಡಿದ್ದೆ, ಒಳಗೆ ಒಂದೇ ಓಣಿ ಇರುವ ಚಿಕ್ಕ ವಿಮಾನ. ಬಂದ ಅರ್ಧ ಗಂಟೆ, ಹೆಚ್ಚೆಂದರೆ ಮೂವತ್ತೈದು ನಿಮಿಷಕ್ಕೆ ಕಳಿಸಿಬಿಡುತ್ತಿದ್ದೆ. ಒಂದು ದಿನ ಡ್ಯೂಟಿ ಚಾರ್ಟಿನಲ್ಲಿ ನನ್ನ ಹೆಸರಿನ ಎದುರು ಬೆಳಗಿನ ದೆಹಲಿ ವೈಡ್‌ಬಾಡಿ ಬಂತು. ಅದೇ ಕೆಲಸ, ಸ್ವಲ್ಪ ಜಾಸ್ತಿ ಬ್ಯಾಗು, ಅಷ್ಟೇ ತಾನೇ ಅಂದುಕೊಂಡೆ.

ಆ ವಿಮಾನ ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಆದ ಎಡವಟ್ಟು ನನ್ನದು, ಅವರದಲ್ಲ.

ವೈಡ್‌ಬಾಡಿ ಅಂದರೆ ಒಳಗೆ ಎರಡು ಓಣಿ ಇರುವ ವಿಮಾನ. 787, 777, ಎ350 ಎಲ್ಲ ಆ ಜಾತಿ. ಲಂಡನ್ನಿಗೆ ಹೋಗಬೇಕಾದ್ದು ಬೆಂಗಳೂರು-ದೆಹಲಿ ಮಧ್ಯೆ ಯಾಕೆ ಓಡಾಡುತ್ತದೆ ಅಂತ ನಮ್ಮ ಭಾವ ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ. ಕಾರಣ ಒಂದಲ್ಲ. ರಾತ್ರಿ ಹೊರದೇಶದಿಂದ ಬಂದ ವಿಮಾನ ಮತ್ತೆ ಹೊರಡುವುದು ಮರುದಿನ ಮಧ್ಯಾಹ್ನ ಅಂದರೆ, ಅಲ್ಲಿಯವರೆಗೆ ಸುಮ್ನೆ ನಿಲ್ಲಿಸಿಕೊಂಡರೆ ನಷ್ಟ. ಹಬ್ಬದ ಹೊತ್ತಿಗೆ ಜನ ಜಾಸ್ತಿ. ಮುಂಬೈಯಲ್ಲಂತೂ ಎರಡು ರನ್‌ವೇ ಇದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸಲು ಬರುವುದಿಲ್ಲ. ಅಲ್ಲಿ ಇನ್ನೊಂದು ವಿಮಾನಕ್ಕೆ ಜಾಗ ಕೇಳುವುದಕ್ಕಿಂತ ಇರುವ ಸಮಯಕ್ಕೇ ದೊಡ್ಡ ವಿಮಾನ ತರುವುದು ಸುಲಭ.

ಇನ್ನೊಂದು ಕಾರಣ ಕೈ ಪಳಗಿಸುವುದು. ಹೊಸ ಮಾದರಿ ಬಂದಾಗ ಪೈಲಟ್, ಕ್ಯಾಬಿನ್ ಕ್ರೂ ಎಲ್ಲರಿಗೂ ಅಭ್ಯಾಸ ಆಗಬೇಕಲ್ಲ. ಹದಿನಾಲ್ಕು ಗಂಟೆ ಹಾರಿದರೂ ಇಳಿಯುವುದು ಒಂದೇ ಸಲ. ಮುಂಬೈಗೆ ಹೋಗಿ ಬಂದರೆ ಅರ್ಧ ದಿನದಲ್ಲಿ ಎರಡು ಸಲ ಇಳಿಸಿ, ಎರಡು ಸಲ ಏರಿಸಿದ ಹಾಗಾಯಿತು. 2012ರಲ್ಲಿ ಏರ್ ಇಂಡಿಯಾಗೆ 787 ಬಂದಾಗಲೂ ಮೊದಲು ಓಡಿಸಿದ್ದು ದೇಶದೊಳಗೇ. 2024ರ ಜನವರಿ 22ಕ್ಕೆ ಅವರ ಎ350 ಪ್ರಯಾಣಿಕರನ್ನು ಹೊತ್ತು ಮೊದಲು ಹಾರಿದ್ದು ನಮ್ಮ ಬೆಂಗಳೂರಿನಿಂದ ಮುಂಬೈಗೆ. 316 ಸೀಟಿನ ವಿಮಾನ, ಒಂದೂವರೆ ಗಂಟೆ ಚಿಲ್ಲರೆಯ ದಾರಿ. ಫೋಟೋ ಹೊಡೆಯೋಕೆ ಬಂದವರು ಎಷ್ಟೋ ಜನ.

ಹಾಗಂತ ಇದು ಹೊಸದೇನಲ್ಲ. ಇಂಡಿಯನ್ ಏರ್‌ಲೈನ್ಸ್ 1976ರಲ್ಲೇ ಏರ್‌ಬಸ್ ಕಂಪನಿಯ ವೈಡ್‌ಬಾಡಿ ಎ300 ತಂದು ದೇಶದೊಳಗೆ ಓಡಿಸಿತ್ತು. ಎಚ್‌ಎಎಲ್ ಏರ್‌ಪೋರ್ಟಿನ ಕಾಲದಿಂದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮಗೆ ಟ್ರೇನಿಂಗ್ ಕೊಡಲು ಬರುತ್ತಿದ್ದರು. ಅವರ ಬಾಯಲ್ಲಿ ‘ಏರ್‌ಬಸ್’ ಅಂದರೆ ಇವತ್ತಿಗೂ ಆ ಎ300 ಒಂದೇ. ಎ320ಯನ್ನು ಅವರು ಏರ್‌ಬಸ್ ಅಂತ ಒಪ್ಪುವುದೇ ಇಲ್ಲ. ಜಪಾನಿನವರಂತೂ 747ರಲ್ಲೇ ದೇಶದೊಳಗಿನ ಹಾರಾಟಕ್ಕೆ ಬೇರೆ ಮಾದರಿ ಮಾಡಿಸಿಕೊಂಡಿದ್ದರು. ಒಂದೊಂದರಲ್ಲಿ ಐನೂರಕ್ಕೂ ಮೇಲೆ ಸೀಟು. ಕೊನೆಯದು ನಿಂತಿದ್ದು 2014ರಲ್ಲಿ. ಅಷ್ಟು ಜನರ ಬ್ಯಾಗನ್ನು ಅವರು ದಿನಕ್ಕೆ ಎಷ್ಟು ಸಲ ಏರಿಸಿ ಇಳಿಸುತ್ತಿದ್ದರೋ ಅನ್ನುವುದು ಈಗ ನನ್ನ ಯೋಚನೆ. ಆಗ ಹೊಳೆದಿರಲಿಲ್ಲ.

ಈಗ ಬ್ಯಾಗಿನ ವಿಷಯ. ನಮ್ಮಲ್ಲಿ ಓಡುವ ಎ320ಗೆ ಬ್ಯಾಗನ್ನು ಬಿಡಿಬಿಡಿಯಾಗಿ ತುಂಬುತ್ತೇವೆ. ಬೆಲ್ಟ್ ಗಾಡಿ ಹಚ್ಚಿ, ಒಳಗೆ ಇಬ್ಬರು ಹುಡುಗರು ಮಂಡಿಯೂರಿ ಕೂತು ಜೋಡಿಸುತ್ತಾರೆ. ಯಾವುದೋ ಬ್ಯಾಗ್ ವಾಪಸ್ ಬೇಕು ಅಂದರೆ ಟ್ಯಾಗ್ ನಂಬರ್ ಕೂಗಿ ಹೇಳಿದರೆ ಸಾಕು. ಅವರು ನಾಲ್ಕು ಬ್ಯಾಗ್ ಆಚೆ, ಆರು ಬ್ಯಾಗ್ ಈಚೆ ಎತ್ತಿಹಾಕಿ ಐದು-ಹತ್ತು ನಿಮಿಷದಲ್ಲಿ ಎಳೆದು ಕೊಡುತ್ತಾರೆ. ವೈಡ್‌ಬಾಡಿಯಲ್ಲಿ ಹಾಗಲ್ಲ. ಬ್ಯಾಗ್ ಹೋಗುವುದು ಅಲ್ಯೂಮಿನಿಯಂ ಕಂಟೇನರಿನಲ್ಲಿ. ನಾವು ಎಕೆಇ ಅನ್ನುತ್ತೇವೆ. ವಿಮಾನದ ಹೊಟ್ಟೆಯ ಗುಂಡಗಿನ ಆಕಾರಕ್ಕೆ ಹೊಂದುವ ಹಾಗೆ ಅದರ ಒಂದು ಮೂಲೆ ಓರೆಯಾಗಿ ಕತ್ತರಿಸಿದಂತೆ ಇರುತ್ತದೆ. ಒಂದರಲ್ಲಿ ಮೂವತ್ತೈದು ನಲವತ್ತು ಬ್ಯಾಗ್ ಹಿಡಿಯುತ್ತದೆ. ತುಂಬಿದ್ದರೆ ತೂಕ 1,587 ಕೆಜಿ ದಾಟಬಾರದು. 787-8ರಲ್ಲಿ ಇಂಥವು 28 ಕೂರುತ್ತವೆ, ಮುಂದಿನ ಹೊಟ್ಟೆಯಲ್ಲಿ 16, ಹಿಂದಿನದರಲ್ಲಿ 12. ಎರಡೆರಡರ ಜೋಡಿ, ಒಂದರ ಹಿಂದೆ ಒಂದು. ಒಂದೊಂದು ಹೊಟ್ಟೆಗೂ ಬಾಗಿಲು ಒಂದೇ. ಮೊದಲು ಒಳಗೆ ಹೋದದ್ದು ಕೊನೆಗೆ ಹೊರಗೆ ಬರುತ್ತದೆ. ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನ ಕಥೆಯೇ.

ಇದೆಲ್ಲ ಟ್ರೇನಿಂಗಿನಲ್ಲಿ ಹೇಳಿದ್ದರು. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ.

ಅವತ್ತು ಹೊರಡುವ ಸಮಯ 6:40. ಕಾರ್ಗೋ ತಡವಾಗಿತ್ತು. ದೆಹಲಿಗೆ ಹೋಗುವ ಹೂವಿನ ಬಾಕ್ಸು. ಪ್ಲಾನಿನ ಪ್ರಕಾರ ಕಾರ್ಗೋ ಒಳಗೆ, ಬ್ಯಾಗಿನ ಕಂಟೇನರ್ ಬಾಗಿಲ ಹತ್ತಿರ ಕೂರಬೇಕು. ಹಾಗಿದ್ದರೆ ದೆಹಲಿಯಲ್ಲಿ ಬ್ಯಾಗ್ ಬೇಗ ಬೆಲ್ಟಿಗೆ ಬರುತ್ತದೆ. ಆದರೆ ಬ್ಯಾಗಿನ ಎರಡು ಕಂಟೇನರ್ ತುಂಬಿ ಡಾಲಿ (ಕಂಟೇನರ್ ಸಾಗಿಸುವ ಚಕ್ರದ ಗಾಡಿ) ಮೇಲೆ ನನ್ನ ಕಣ್ಣೆದುರೇ ನಿಂತಿವೆ, ಅವನ್ನು ವಿಮಾನದ ಬಾಗಿಲ ಎತ್ತರಕ್ಕೆ ಎತ್ತುವ ಹೈ ಲೋಡರ್ ಖಾಲಿ ನಿಂತಿದೆ, ಹುಡುಗರು ಕೈ ಕಟ್ಟಿ ನಿಂತಿದ್ದಾರೆ. ರೆಡಿ ಇರುವುದನ್ನು ಹಾಕಿಬಿಡೋಣ ಅನಿಸಿತು. ಎ320ಯಲ್ಲಿ ಆರು ವರ್ಷ ಮಾಡಿದ್ದು ಅದನ್ನೇ. ಯಾವುದು ಎಲ್ಲಿ ಕೂರಬೇಕು ಅಂತ ಪ್ಲಾನ್ ಮಾಡುವ ಲೋಡ್ ಕಂಟ್ರೋಲಿಗೆ ಫೋನ್ ಮಾಡಿ ಜಾಗ ಅದಲುಬದಲು ಮಾಡಿಸಿಕೊಂಡೆ. ಅವರು ತೂಕ ನೋಡಿ, ಬ್ಯಾಲೆನ್ಸ್ ನೋಡಿ, ‘ಆಗತ್ತೆ, ಆದ್ರೆ ಯಾಕೆ?’ ಅಂತ ಕೇಳಿದರು. ಟೈಮ್ ಉಳಿಯುತ್ತೆ ಸರ್ ಅಂದೆ. ಹೊಸ ಪ್ಲಾನ್ ಕಳಿಸಿದರು. ನನ್ನ ಬಗ್ಗೆ ನನಗೇ ಹೆಮ್ಮೆ ಬೇರೆ.

ಕಾರ್ಗೋ ಬಂತು, ಹಾಕಿದೆವು. ಉಳಿದ ಬ್ಯಾಗೂ ಹೋಯಿತು. 6:15ಕ್ಕೆ ಹಿಂದಿನ ಬಾಗಿಲು ಮುಚ್ಚಿಸಿದೆ. ಹೈ ಲೋಡರನ್ನು ಪಕ್ಕದ ‘ಬೇ’ಗೆ, ಅಂದರೆ ಪಕ್ಕದ ವಿಮಾನ ನಿಲ್ಲುವ ಜಾಗಕ್ಕೆ ಕಳಿಸಿದೆ. ಖಾಲಿ ಡಾಲಿಗಳನ್ನೂ ಟ್ರ್ಯಾಕ್ಟರ್ ಎಳೆದುಕೊಂಡು ಹೋಯಿತು.

6:27ಕ್ಕೆ ಗೇಟಿನ ಮೇಡಂ ವಾಕಿಯಲ್ಲಿ ಕರೆದರು. ‘ಒಬ್ರು ಬಂದಿಲ್ಲ. ಬ್ಯಾಗ್ ತೆಗೀಬೇಕು.’

ಬ್ಯಾಗ್ ಕೊಟ್ಟವರು ವಿಮಾನ ಹತ್ತದಿದ್ದರೆ ಆ ಬ್ಯಾಗೂ ಹೋಗುವ ಹಾಗಿಲ್ಲ. ಭದ್ರತೆಯ ನಿಯಮ, ಅದರಲ್ಲಿ ಚೌಕಾಸಿ ಇಲ್ಲ. ಯಾವ ಬ್ಯಾಗ್ ಯಾವ ಕಂಟೇನರಿನಲ್ಲಿದೆ ಅಂತ ಸ್ಕ್ಯಾನ್ ಮಾಡಿರುತ್ತೇವೆ, ಹುಡುಕುವ ಕಷ್ಟ ಇಲ್ಲ. ಕೈಯಲ್ಲಿದ್ದ ಯಂತ್ರದಲ್ಲಿ ಟ್ಯಾಗ್ ನಂಬರ್ ಹಾಕಿದೆ. ಬಂದ ಕಂಟೇನರ್ ನಂಬರ್ ನೋಡಿ ಹೊಟ್ಟೆ ತಣ್ಣಗಾಯಿತು. ನಾನು ಎಲ್ಲಕ್ಕಿಂತ ಮೊದಲು ಒಳಗೆ ತಳ್ಳಿಸಿದ್ದ ಕಂಟೇನರ್ ಅದು.

ಅದು ಹೊರಗೆ ಬರಬೇಕಾದರೆ ಆರು ಕಂಟೇನರ್ ಇಳಿಯಬೇಕು. ಇಳಿದವನ್ನು ನೆಲದ ಮೇಲೆ ಇಡುವ ಹಾಗಿಲ್ಲ, ಡಾಲಿ ಬೇಕು. ಡಾಲಿ ಹೋಗಿಯಾಗಿದೆ. ಹೈ ಲೋಡರ್ ಪಕ್ಕದ ಬೇಯಿಂದ ವಾಪಸ್ ಬರಬೇಕು, ಅದು ನಡೆಯುವುದು ಹಾಲು ಕರೆಸಿಕೊಂಡ ಎಮ್ಮೆಯ ಹಾಗೆ. ನಾನು ಅದರ ಎದುರು ನಿಂತು ಬಾ ಬಾ ಅಂತ ಕೈ ಬೀಸುತ್ತಿದ್ದೆ. ಕೈ ಬೀಸಿದರೆ ಬೇಗ ಬರುತ್ತದೆಯೇ? ಮೇಲೆ ಕಿಟಕಿಯಿಂದ ಜನ ನೋಡುತ್ತಿದ್ದರು. ಒಂದು ಮಗು ನನಗೇ ವಾಪಸ್ ಕೈ ಬೀಸಿತು.

ಒಂದೊಂದು ಕಂಟೇನರ್ ರೋಲರ್ ಮೇಲೆ ಉರುಳಿ ಬಾಗಿಲಿಗೆ ಬಂದು, ತಿರುಗಿ, ಲೋಡರ್ ಮೇಲೆ ಇಳಿದು, ಡಾಲಿಗೆ ಜಾರಲು ಎರಡು ನಿಮಿಷ. ಆರು ಇಳಿದವು, ಏಳನೆಯದು ಬಂತು. ಅದರ ಪರದೆ ಬಿಚ್ಚಿದರೆ ಮೂವತ್ತಾರು ಬ್ಯಾಗ್. ನಮಗೆ ಬೇಕಾದ್ದು ಎಲ್ಲಕ್ಕಿಂತ ಕೆಳಗೆ, ಹಿಂದಿನ ಮೂಲೆಯಲ್ಲಿ. ನೀಲಿ ಬಣ್ಣದ್ದು, ಹಿಡಿಕೆಗೆ ಕೆಂಪು ರಿಬ್ಬನ್. ಅದನ್ನು ಕೆಳಗಿಟ್ಟು ಮೂವತ್ತೈದನ್ನು ವಾಪಸ್ ತುಂಬಿ, ಏಳು ಕಂಟೇನರ್ ಮತ್ತೆ ಏರಿಸಿದೆವು. ವಿಮಾನ ಹೊರಟಾಗ 48 ನಿಮಿಷ ತಡ. ದೆಹಲಿಯಲ್ಲಿ ಇಳಿದು ಹೊರದೇಶದ ವಿಮಾನ ಹಿಡಿಯುವವರು ಹನ್ನೊಂದು ಜನ ಅದರಲ್ಲಿದ್ದರು.

ಆಮೇಲೆ ಶುರುವಾಯಿತು ಕೋಡಿನ ಜಗಳ. ವಿಮಾನ ತಡವಾದರೆ ಯಾಕೆ ಅಂತ ನಂಬರ್ ಹಾಕಬೇಕು. ಪ್ರಪಂಚದಲ್ಲೆಲ್ಲ ಬಳಸುವ ಪಟ್ಟಿ ಅದು. 15 ಅಂದರೆ ಚೆಕ್-ಇನ್ ಆದ ಪ್ರಯಾಣಿಕ ಬರಲಿಲ್ಲ, ಗೇಟಿನವರ ಲೆಕ್ಕ. 32 ಅಂದರೆ ಲೋಡಿಂಗ್, ನನ್ನ ಲೆಕ್ಕ. ನಾನು ಪೂರ್ತಿ 15 ಹಾಕಿ ಅಂದೆ. ಅವನು ಬಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಲ್ವಾ? ಗೇಟಿನ ಮೇಡಂ ತಣ್ಣಗೆ ಕೇಳಿದರು, ‘ಬ್ಯಾಗ್ ಬಾಗಿಲ ಹತ್ರ ಇದ್ದಿದ್ರೆ ಎಷ್ಟು ಹೊತ್ತು ಆಗ್ತಿತ್ತು?’ ಹತ್ತು ನಿಮಿಷ. ಹಾಗಾಗಿ 15ಕ್ಕೆ ಹತ್ತು ನಿಮಿಷ, 32ಕ್ಕೆ 38. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಪ್ರಯಾಣಿಕ ಸಿಕ್ಕಿದ್ದ, ವಿಮಾನ ಹೋದ ಮೇಲೆ. ಮೈಸೂರಿನಿಂದ ಫ್ಲೈ ಬಸ್ಸಿನಲ್ಲಿ ರಾತ್ರಿಯೇ ಬಂದಿದ್ದನಂತೆ. ಕೌಂಟರ್ ತೆರೆದ ಕೂಡಲೇ ಬ್ಯಾಗ್ ಕೊಟ್ಟು, ಎರಡು ಗೇಟ್ ಆಚೆ ಮೂರು ಕುರ್ಚಿ ಸೇರಿಸಿಕೊಂಡು ತಲೆ ತನಕ ಶಾಲು ಹೊದ್ದು ಮಲಗಿಬಿಟ್ಟಿದ್ದ. ಮೈಕಿನಲ್ಲಿ ಎಷ್ಟು ಕೂಗಿದರೂ ಎಚ್ಚರ ಇಲ್ಲ.

ನನಗೆ ತಿರುವು ಸಿಕ್ಕಿದ್ದು ಇಲ್ಲಿ. ಲೇಟಾಗಿ ಬರುವ ಬ್ಯಾಗನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಬಾಲದ ಹತ್ತಿರ ಬಿಡಿ ಬ್ಯಾಗಿಗೆ ಅಂತಲೇ ಸಣ್ಣ ಜಾಗ ಇದೆ, ಬಲ್ಕ್ ಅನ್ನುತ್ತೇವೆ. ಕೊನೆಯ ಗಳಿಗೆಯ ಬ್ಯಾಗು, ಮಗುವಿನ ತಳ್ಳುಗಾಡಿ ಎಲ್ಲ ಅಲ್ಲಿಗೆ. ಓಡಿ ಬಂದವನು ಗೇಟಿಗೂ ಓಡಿ ಬರುತ್ತಾನೆ, ಅವನು ತಪ್ಪಿಸಿಕೊಳ್ಳುವುದು ಕಡಿಮೆ. ನಾಲ್ಕು ಗಂಟೆ ಮೊದಲೇ ಬಂದವನು ನಿದ್ದೆ ಹೋಗುತ್ತಾನೆ, ತಿಂಡಿಗೆ ಹೋಗುತ್ತಾನೆ, ಟೈಮ್ ಇದೆಯಲ್ಲ ಅಂತ ಬೇರೆ ಗೇಟಿನ ಹತ್ತಿರ ಫೋನ್ ಚಾರ್ಜಿಗೆ ಹಾಕಿ ಕೂರುತ್ತಾನೆ. ಅವನ ಬ್ಯಾಗು ಮೊದಲು ಬಂದಿರುತ್ತದೆ, ಮೊದಲ ಕಂಟೇನರಿಗೇ ಬಿದ್ದಿರುತ್ತದೆ. ರೆಡಿ ಇರುವುದನ್ನು ಮೊದಲು ಹಾಕಿದರೆ ಅದೇ ಎಲ್ಲಕ್ಕಿಂತ ಒಳಗೆ. ಹೊರದೇಶದ ವಿಮಾನಕ್ಕೆ ಜನ ಸ್ವಲ್ಪ ಹೆದರಿಕೊಂಡೇ ಬಂದು ಗೇಟಿನ ಮುಂದೆ ಕೂತಿರುತ್ತಾರೆ. ದೆಹಲಿಗೆ ತಾನೇ ಅನ್ನುವ ಸಲಿಗೆ ಡೊಮೆಸ್ಟಿಕ್‌ನಲ್ಲಿ ಜಾಸ್ತಿ.

ಕಂಟೇನರಿನ ಜಾಗ ನಾನೇ ಬದಲಾಯಿಸಿಕೊಳ್ಳಬಹುದು ಅಂತ ಅಂದುಕೊಂಡರೆ ಅದೂ ಇಲ್ಲ. ಮರುದಿನ ಲೋಡ್ ಕಂಟ್ರೋಲ್ ಸರ್ ಹತ್ತಿರ ಹೋಗಿ ಕೂತೆ. ಹಿಂದಿನ ಹೊಟ್ಟೆ ತುಂಬಿಟ್ಟು ಮುಂದಿನದನ್ನು ಖಾಲಿ ಮಾಡಿದರೆ ವಿಮಾನ ಬಾಲದ ಮೇಲೆ ಕೂರುವ ಭಯ ಇರುತ್ತದೆ. ಅದು ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. 787-8 ಏರುವಾಗ ಸುಮಾರು 228 ಟನ್ ತನಕ ಇರಬಹುದು, ಆದರೆ ಇಳಿಯುವಾಗ 172 ಟನ್ ದಾಟಬಾರದು. ಲಂಡನ್ನಿಗೆ ಹೋದರೆ ಈ ಎರಡರ ನಡುವಿನ ತೂಕವೆಲ್ಲ ಇಂಧನವಾಗಿ ಉರಿದುಹೋಗುತ್ತದೆ. ದೆಹಲಿಗೆ ಹೋದರೆ ಉರಿಯುವುದೇ ಅಷ್ಟಿಷ್ಟು. ಮುಂದಿನ ಹಾರಾಟಕ್ಕೂ ಇಲ್ಲೇ ಇಂಧನ ತುಂಬಿಸಿಕೊಂಡರಂತೂ ಹೊಟ್ಟೆಯಲ್ಲಿ ಜಾಗ ಖಾಲಿ ಇದ್ದರೂ ಕಾರ್ಗೋ ಬಿಟ್ಟು ಹೋಗಬೇಕಾಗುತ್ತದೆ. ‘ದೊಡ್ಡ ಮನೆ ಅಂತ ಸಿಕ್ಕಿದ್ದೆಲ್ಲ ತಂದು ತುಂಬೋಕಾಗತ್ತೇನಪ್ಪಾ’ ಅಂದರು. ಅಷ್ಟು ಲೆಕ್ಕ ಹಾಕಿ ಮಾಡಿದ ಪ್ಲಾನನ್ನು ನಾನು ಹುಡುಗರು ಸುಮ್ನೆ ನಿಂತಿದ್ದಾರೆ ಅನ್ನುವ ಕಾರಣಕ್ಕೆ ಬದಲಾಯಿಸಿದ್ದೆ.

ಈಗ ಮಾಡುವುದು ಇಷ್ಟು. ಹೊರಡುವ ಎರಡು ಗಂಟೆ ಮೊದಲೇ, ಪ್ಲಾನ್ ಆಗುವ ಮುಂಚೆ, ಲೋಡ್ ಕಂಟ್ರೋಲಿಗೆ ಫೋನ್ ಮಾಡುತ್ತೇನೆ. ಮೊದಲು ತುಂಬಿದ ಬ್ಯಾಗಿನ ಕಂಟೇನರ್ ಯಾವುದು ಅಂತ ನಂಬರ್ ಹೇಳಿ, ಅದಕ್ಕೆ ಬಾಗಿಲ ಪಕ್ಕದ ಜಾಗ ಕೇಳುತ್ತೇನೆ. ಸಾಧ್ಯವಿದ್ದರೆ ಕೊಡುತ್ತಾರೆ. ಅದು ಡಾಲಿ ಮೇಲೆ ಒಂದು ಗಂಟೆ ಸುಮ್ನೆ ನಿಂತಿರುತ್ತದೆ. ಮೊದಮೊದಲು ನೋಡಿದವರೆಲ್ಲ ‘ಇದ್ಯಾಕೆ ಹಾಕಿಲ್ಲ?’ ಅಂತ ಕೇಳುತ್ತಿದ್ದರು. ಹೈ ಲೋಡರನ್ನು ಬೋರ್ಡಿಂಗ್ ಮುಗಿಯುವ ತನಕ ಕಳಿಸುವುದಿಲ್ಲ. ಎರಡು ಖಾಲಿ ಡಾಲಿ ನಿಲ್ಲಿಸಿಕೊಳ್ಳುತ್ತೇನೆ. ಪಕ್ಕದ ಬೇಯವರು ಇದಕ್ಕೆ ಬೈಯುತ್ತಾರೆ, ಬೈಯಲಿ. ಗೇಟಿನ ಮೇಡಂ ಹತ್ತಿರ ಒಂದು ಸಹಾಯ ಕೇಳಿಕೊಂಡೆ. ಇನ್ನೂ ಹತ್ತದವರ ಪಟ್ಟಿಯನ್ನು ಬಾಗಿಲು ಮುಚ್ಚುವಾಗ ಅಲ್ಲ, ಮೂವತ್ತೈದು ನಿಮಿಷ ಇರುವಾಗಲೇ ಕೊಡಿ ಅಂತ. ಆ ಹೊತ್ತಿಗೆ ಇನ್ನೂ ನೂರು ಜನ ಬಾಕಿ ಇರುತ್ತಾರೆ ಅಂತ ಅವರು ನಕ್ಕರು. ಬೇಗ ಚೆಕ್-ಇನ್ ಆದವರದ್ದು ಮಾತ್ರ ಸಾಕು ಅಂದೆ. ಈಗ ನಾಲ್ಕೋ ಐದೋ ಹೆಸರು ಬರುತ್ತವೆ. ಅವರ ಹುಡುಗಿಯೊಬ್ಬಳು ಅಕ್ಕಪಕ್ಕದ ಗೇಟಿನ ಕುರ್ಚಿಗಳ ಹತ್ತಿರ ಒಂದು ಸುತ್ತು ಹೋಗಿ, ಶಾಲು ಹೊದ್ದವರನ್ನೆಲ್ಲ ಎಬ್ಬಿಸಿಕೊಂಡು ಬರುತ್ತಾಳೆ. ಕೆಲವರು ಹೈದರಾಬಾದಿಗೆ ಹೋಗುವವರು ಇರುತ್ತಾರೆ, ಬೈಸಿಕೊಳ್ಳುತ್ತಾಳೆ ಪಾಪ.

ಲೋಡರ್ ಹುಡುಗರು ಆ ಕಂಟೇನರಿಗೆ ಹೆಸರೂ ಇಟ್ಟಿದ್ದಾರೆ. ಮೊನ್ನೆ ಚಳಿಯಲ್ಲಿ ಜಾಕೆಟ್ಟಿನೊಳಗೆ ಕೈ ಇಟ್ಟುಕೊಂಡು ಒಬ್ಬ ಬಂದು ಕೇಳಿದ: ‘ಸಾರ್, ಎಲ್ಲಾ ಆಯ್ತು. ನಿದ್ದೆ ಡಬ್ಬ ಒಂದು ಉಳಿದಿದೆ. ಹಾಕ್ಲಾ?’ ಗೇಟ್ ಕಡೆ ನೋಡಿದೆ. ಇನ್ನೂ ಇಬ್ಬರು ಬಾಕಿ ಇದ್ದರು. ಐದು ನಿಮಿಷ ತಡಿ, ಟೀ ಕುಡಿದು ಬಾ ಅಂದೆ.