ಬಂಡೆಗೆ ಬಳಿದ ಬೆಲ್ಲ

ಬೆಂಗಳೂರಿನಿಂದ ಹಂಪಿಗೆ ಹೋಗುವವರಲ್ಲಿ ಹಲವರು ಒಂದು ಮಧ್ಯಾಹ್ನವನ್ನು ದರೋಜಿಗೆ ಎತ್ತಿಡುತ್ತಾರೆ. 1994ರಲ್ಲಿ ಕರಡಿಗಳಿಗೆಂದೇ ಆದ ಅಭಯಾರಣ್ಯ ಅದು. ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವುದು, ಹೊತ್ತು ಇಳಿಯುತ್ತಿದ್ದಂತೆ ಕರಡಿಗಳು ಬಂದು ನೆಕ್ಕುವುದು, ಜನ ದುರ್ಬೀನು ಹಿಡಿದು ನೋಡಿ ಹಿಗ್ಗುವುದು ಅಲ್ಲಿ ಬಹುಕಾಲದಿಂದ ಇರುವ ರೂಢಿ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯನ್ನು ಒಮ್ಮೆ ನೋಡಿದವರು ಕರಡಿಯನ್ನು ಮರೆಯುವುದಿಲ್ಲ. ಆ ಪುಣ್ಯದಲ್ಲಿ ಬೆಲ್ಲಕ್ಕೂ ಪಾಲಿದೆ. ಆದರೂ ಅದು ನಿಲ್ಲಬೇಕು, ಆದರೆ ಒಂದೇ ಸಲಕ್ಕೆ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ತಿಳಿಯಬೇಕಾದರೆ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಕಂದು ಕರಡಿಗಳಿಗೆ ಆದದ್ದನ್ನು ನೋಡಬೇಕು.

ಅಲ್ಲಿ ಹೋಟೆಲುಗಳ ಮುಸುರೆಯನ್ನು ಬಯಲಿಗೆ ಸುರಿಯುತ್ತಿದ್ದರು. ಕರಡಿ ತಿನ್ನುವುದನ್ನು ಕೂತು ನೋಡಲು ಬೆಂಚುಗಳ ಸಾಲೂ ಇತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಪ್ರದರ್ಶನ ನಿಂತಿತು, ತಿಪ್ಪೆಗಳು ಮಾತ್ರ ಉಳಿದವು. 1959ರಿಂದ ಅಲ್ಲಿನ ಕರಡಿಗಳ ಬೆನ್ನುಹತ್ತಿ ಅಧ್ಯಯನ ಮಾಡಿದ್ದ ಫ್ರ್ಯಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ಸೋದರರು ತಿಪ್ಪೆಗಳನ್ನು ನಿಧಾನವಾಗಿ ಮುಚ್ಚಿ ಎಂದರು. ಆಡಳಿತ ಬೇಗ ಮುಗಿಸಲು ಹೊರಟಿತು. ಟ್ರೌಟ್ ಕ್ರೀಕ್‌ನ ದೊಡ್ಡ ತಿಪ್ಪೆ 1970ರಲ್ಲಿ ಮುಚ್ಚಿತು. ಅದನ್ನೇ ನಂಬಿದ್ದ ಕರಡಿಗಳು ಕ್ಯಾಂಪುಗಳಿಗೂ ಪಕ್ಕದ ಊರುಗಳಿಗೂ ನುಗ್ಗಿದವು, ಅನೇಕವನ್ನು ಕೊಂದರು. 1975ರಲ್ಲಿ ಕಾನೂನಿನ ರಕ್ಷಣೆ ಸಿಗುವ ಹೊತ್ತಿಗೆ ಆ ಭಾಗದಲ್ಲಿ ಉಳಿದಿದ್ದದ್ದು ಸುಮಾರು 136 ಎಂಬ ಅಂದಾಜಿದೆ.

ಕರಡಿಯ ಸಂಖ್ಯೆ ಒಮ್ಮೆ ಇಳಿದರೆ ಬೇಗ ಏರುವುದಿಲ್ಲ. ಅಲ್ಲಿನ ಹೆಣ್ಣು ಮೊದಲ ಸಲ ಮರಿ ಹಾಕುವುದು ಐದಾರು ವರ್ಷಕ್ಕೆ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮರಿ, ಮುಂದಿನ ಸೂಲು ಮೂರು ವರ್ಷದ ಮೇಲೆ. ಅದರಲ್ಲೂ ಎಲ್ಲ ಮರಿಗಳು ಉಳಿಯುವುದಿಲ್ಲ. ಅದಕ್ಕೇ ಅಲ್ಲಿನವರು ಒಟ್ಟು ತಲೆ ಎಣಿಸುವುದಕ್ಕಿಂತ ಆ ವರ್ಷದ ಮರಿಗಳ ಜೊತೆಗಿರುವ ತಾಯಂದಿರನ್ನು ಎಣಿಸುತ್ತಾರೆ. ಮುಖ್ಯ ಆವಾಸವನ್ನು 18 ಭಾಗ ಮಾಡಿ, ಯಾವ ಭಾಗದಲ್ಲಿ ತಾಯಿ-ಮರಿ ಕಂಡವು, ಯಾವುದರಲ್ಲಿ ಇಲ್ಲ ಎಂದು ಗುರುತಿಸುತ್ತಾರೆ. ವರ್ಷಕ್ಕೆ ಎಷ್ಟು ಹೆಣ್ಣು ಸತ್ತರೆ ಅಪಾಯ ಎಂಬುದಕ್ಕೆ ಮಿತಿ ಇಟ್ಟುಕೊಂಡಿದ್ದಾರೆ. ಕಸದ ಡಬ್ಬಿಯ ವಿಷಯದಲ್ಲಿ ಅವರ ಶ್ರದ್ಧೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಹೊಸ ಡಬ್ಬಿಯೊಳಗೆ ತಿಂಡಿಯ ವಾಸನೆ ಇಟ್ಟು ಸಾಕಿದ ಕರಡಿಗಳ ಮುಂದೆ ಬಿಡುತ್ತಾರೆ. ಅವು ಕಚ್ಚಿ, ತುಳಿದು, ಮಗುಚಿ ಒಟ್ಟು 60 ನಿಮಿಷ ಹೆಣಗಿದರೂ ತೆರೆಯದಿದ್ದರೆ ಮಾತ್ರ ಡಬ್ಬಿ ಪಾಸು. ಇಂದು ಆ ಪ್ರದೇಶದಲ್ಲಿ ಸುಮಾರು ಸಾವಿರ ಕರಡಿಗಳಿವೆ.

ನಮ್ಮ ಕರಡಿಯದು ಬೇರೆ ಬದುಕು. ಚಳಿಗಾಲದ ನಿದ್ದೆ ಇಲ್ಲ. ಮೇಲಿನ ದವಡೆಯ ನಡುವಿನ ಎರಡು ಹಲ್ಲಿಲ್ಲದ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಎಲಚಿ, ಕವಳೆ, ಕಕ್ಕೆ, ನೇರಳೆ ಹಣ್ಣಾದಾಗ ಅದೇ ಊಟ, ಬೀಜ ಹರಡುವುದೂ ಅದೇ. ಆದರೆ ಮರಿಯ ಲೆಕ್ಕ ಇಲ್ಲೂ ಅಷ್ಟೇ ಬಿಗಿ: ಸಾಮಾನ್ಯವಾಗಿ ಒಂದೋ ಎರಡೋ, ಅವು ಎರಡು ವರ್ಷದಾಚೆಯವರೆಗೂ ತಾಯಿಯ ಜೊತೆ. ಒಂದೇ ಬಂಡೆಯ ಬಳಿ ದಿನವೂ ಹಲವು ಕರಡಿ ಸೇರಿದರೆ ಗಂಡುಗಳ ನಡುವೆ ಮರಿಗಳು ಸಿಕ್ಕುತ್ತವೆ, ರೋಗ ಹರಡುವುದು ಸುಲಭವಾಗುತ್ತದೆ. ಮನುಷ್ಯರ ವಾಸನೆ ಎಂದರೆ ಸಿಹಿ ಎಂದು ಕಲಿತ ಕರಡಿ ಆಲೆಮನೆಯ ದಾರಿಯನ್ನೂ ಕಲಿಯುತ್ತದೆ.

ಬೆಲ್ಲ ನಿಲ್ಲಿಸುವುದಾದರೆ ಕಾಡಿನಲ್ಲಿ ಹಣ್ಣಿರುವ ಕಾಲಕ್ಕೆ ಶುರುಮಾಡಬೇಕು. ಮೊದಲು ಪ್ರಮಾಣ ಇಳಿಸಿ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ನವೆಂಬರಿನಿಂದ ಫೆಬ್ರವರಿವರೆಗೆ ಗವಿಗಳಲ್ಲಿ ಎಳೆಮರಿಗಳಿರುವಾಗ ಬದಲಾವಣೆ ಬೇಡ. ಸುತ್ತಲಿನ ಹೊಲಗಳ ಅಂಚಿನಲ್ಲಿ ಕ್ಯಾಮೆರಾ ಇಟ್ಟು, ಕರಡಿಗಳು ಅತ್ತ ಹೆಚ್ಚಾದರೆ ಇಳಿಸುವುದನ್ನು ತಡೆಹಿಡಿಯಬೇಕು. ಇದೆಲ್ಲಕ್ಕೂ ಮುಂಚೆ ಸೋಲಾರ್ ಬೇಲಿ ಸಿದ್ಧವಿರಬೇಕು.

ಬೇಲಿ ಸೋಲುವುದು ಸಣ್ಣ ತಪ್ಪುಗಳಿಂದ. ಕರಡಿಯ ದಟ್ಟ ಕೂದಲು ಕರೆಂಟನ್ನು ತಡೆಯುತ್ತದೆ, ಆದ್ದರಿಂದ ತಂತಿ ಮೂತಿಗೋ ಪಾದಕ್ಕೋ ತಾಗಬೇಕು. ಮೊದಲ ತಂತಿ ನೆಲದಿಂದ 20 ಸೆಂ.ಮೀ. ಎತ್ತರದಲ್ಲಿರಲಿ, ಒಟ್ಟು ಐದು ತಂತಿ. ಬೇಲಿಯಲ್ಲಿ 6,000 ವೋಲ್ಟ್‌ಗೆ ಕಡಿಮೆ ಬೇಡ. ಮೀಟರ್ ಹಿಡಿದು ಬೇಲಿಯ ಕೊನೆಯಲ್ಲಿ ನೋಡಬೇಕು, ಬ್ಯಾಟರಿ ಪಕ್ಕದಲ್ಲಿ ಅಲ್ಲ. ಬಳ್ಳಾರಿ ಸೀಮೆಯ ಒಣ ಗರಸು ನೆಲದಲ್ಲಿ ಅರ್ತಿಂಗ್ ಹಿಡಿಯುವುದೇ ಕಷ್ಟ. ಅಂಥಲ್ಲಿ ಒಂದು ತಂತಿ ಲೈವ್, ಮುಂದಿನದು ಅರ್ತ್ ಎಂದು ಒಂದು ಬಿಟ್ಟು ಒಂದು ಎಳೆದರೆ, ಎರಡರ ನಡುವೆ ತಲೆ ತೂರಿಸಿದ ಕರಡಿಗೆ ನೆಲ ಒಣಗಿದ್ದರೂ ಏಟು ಬೀಳುತ್ತದೆ. ಮಳೆ ಬಿದ್ದ ಮೇಲೆ ಕೆಳತಂತಿಗೆ ಹುಲ್ಲು ತಾಗಿ ಕರೆಂಟು ಸೋರುತ್ತದೆ, ವಾರಕ್ಕೊಮ್ಮೆ ಸವರಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಯಾರಿಗೂ ಬೇಡ. ಅದು ಕಾನೂನಿಗೆ ವಿರುದ್ಧ. ಆನೆ, ಕರಡಿ, ಮನುಷ್ಯ ಎಲ್ಲರನ್ನೂ ಕೊಲ್ಲುತ್ತದೆ.

ಇದು ದರೋಜಿಗಷ್ಟೇ ಸೇರಿದ ಮಾತಲ್ಲ. ರಾಮನಗರ, ಸಾವನದುರ್ಗದ ಬಂಡೆಗಳಲ್ಲೂ ಕರಡಿಗಳಿವೆ, ಶನಿವಾರ ಭಾನುವಾರ ಬೆಂಗಳೂರಿನ ಅರ್ಧ ಅಲ್ಲೇ ಇರುತ್ತದೆ. ಉಳಿದ ಪುಳಿಯೋಗರೆ, ಬಾಳೆಹಣ್ಣಿನ ಸಿಪ್ಪೆ, ಜ್ಯೂಸ್ ಡಬ್ಬಿಗಳನ್ನು ಬಂಡೆಯ ಸಂದಿಗೆ ತುರುಕಬೇಡಿ, ಕೆಳಗೆ ತನ್ನಿ. ಸೂರ್ಯೋದಯ ನೋಡಲು ಕತ್ತಲಲ್ಲಿ ಹತ್ತುವುದನ್ನು ಬಿಡಿ, ಅದು ಕರಡಿ ಗವಿಗೆ ಮರಳುವ ಹೊತ್ತು. ಕಿವಿಗೆ ಇಯರ್‌ಫೋನ್ ಬೇಡ, ಮಾತಾಡುತ್ತಾ ನಡೆಯಿರಿ. ನಮ್ಮ ಕರಡಿ ಏರಿ ಬರುವುದು ಹೆಚ್ಚಾಗಿ ಹತ್ತಿರದಲ್ಲಿ ತಟ್ಟನೆ ಎದುರಾಗಿ ಬೆಚ್ಚಿದಾಗ. ಕಂಡರೆ ಓಡದೆ, ಅದರ ದಾರಿ ಬಿಟ್ಟು ಹಿಂದೆ ಸರಿಯಿರಿ. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಮುಖ ನೆಲಕ್ಕೆ ಒತ್ತಿಕೊಳ್ಳಿ. ಅದರ ಉಗುರು ಮೊದಲು ಹುಡುಕುವುದು ಮುಖವನ್ನೇ.